ಟ್ರಂಕಿನೊಳಗಿನ ಕುದುರೆ

ಆಟಿಕೆಗಳಿಂದ ಮಕ್ಕಳು ಏನೇನು ಕಲಿಯುತ್ತಾರೆ ಎಂದು ನೇಸರಗಿಯ ಬಾಲವಾಡಿಯ ಯಮುನಾಬಾಯಿಯನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಿಬಿಡುತ್ತಿದ್ದಳು. ಹಂಚಿಕೊಳ್ಳುವುದನ್ನು ಕಲಿಯುತ್ತಾರೆ, ತಮ್ಮ ಸರದಿ ಬರುವ ತನಕ ಕಾಯುವುದನ್ನು ಕಲಿಯುತ್ತಾರೆ, ಬಿದ್ದದ್ದನ್ನು ಮತ್ತೆ ಕಟ್ಟುವುದನ್ನು ಕಲಿಯುತ್ತಾರೆ, ಹೆದರಿಕೆ ಬಿಡುವುದನ್ನು ಕಲಿಯುತ್ತಾರೆ. ಧಾರವಾಡದ ತರಬೇತಿಯಲ್ಲಿ ಈ ಮಾತುಗಳನ್ನು ಅವಳು ಮಂತ್ರದ ಹಾಗೆ ಬಾಯಿಪಾಠ ಮಾಡಿದ್ದಳು, ಸ್ವರ ಕೂಡ ತಪ್ಪುತ್ತಿರಲಿಲ್ಲ. ಆದರೆ ಅವಳ ಬಾಲವಾಡಿಯ ಆಟಿಕೆಗಳು ಮಾತ್ರ ಮೂಲೆಯ ತಗಡಿನ ಟ್ರಂಕಿನಲ್ಲಿ, ಹಳೆಯ ಸೀರೆಯ ತುಂಡು ಹೊದ್ದುಕೊಂಡು ತಣ್ಣಗೆ ಮಲಗಿದ್ದವು. ಟ್ರಂಕಿಗೆ ಕೀಲಿ ಬಿದ್ದಿತ್ತು. ಕೀಲಿಕೈ ಯಮುನಾಬಾಯಿಯ ಸೊಂಟದಲ್ಲಿತ್ತು.

ಅವಳನ್ನು ನೋಡಿ ನಗುವುದು ಸುಲಭ. ನಗುವ ಮುನ್ನ ಅವಳ ಕಷ್ಟವನ್ನೂ ಸ್ವಲ್ಪ ಕೇಳಬೇಕು. ಅವಳ ನೌಕರಿ ಇನ್ನೂ ಹಂಗಾಮಿಯದು. ಚೈತ್ರದಲ್ಲಿ ಬೆಳಗಾವಿಯಿಂದ ತಪಾಸಣೆಗೆ ಬರುವವರು ಮೆಚ್ಚಿದರೆ ಕಾಯಂ ಆಗುತ್ತದೆ. ಮೆಚ್ಚದಿದ್ದರೆ ಬೈಲಹೊಂಗಲದಲ್ಲಿ ಅಣ್ಣ ರಘೋತ್ತಮನ ಅಡುಗೆಮನೆ ಅವಳಿಗಾಗಿ ಕಾದು ಕುಳಿತಿತ್ತು. ಆ ಅಡುಗೆಮನೆಯಲ್ಲಿ ಅವಳು ತನ್ನ ಆಯುಷ್ಯದ ಮುಕ್ಕಾಲು ಪಾಲನ್ನು ಒಲೆಗೆ ಹಾಕಿ ಉರಿಸಿದ್ದಳು.

ಒಂಬತ್ತು ತುಂಬುವುದರೊಳಗೆ ಅವಳ ಮದುವೆಯಾಗಿತ್ತು. ಗಂಡನ ಮುಖ ಸರಿಯಾಗಿ ಗುರುತು ಹಿಡಿಯುವ ಮೊದಲೇ ಅವನು ಪ್ಲೇಗಿನಲ್ಲಿ ಹೋದ. ತಲೆ ಬೋಳಿಸಬೇಕೆಂದು ಹಿರಿಯರು ಬಂದು ಕುಳಿತಾಗ ಅವಳ ತಂದೆ ಒಮ್ಮಿಂದೊಮ್ಮೆ ಕಿವುಡರಾದರು. ತಾವು ಸಾಯುವ ತನಕ ಆ ಒಂದು ವಿಷಯಕ್ಕೆ ಮಾತ್ರ ಅವರಿಗೆ ಕಿವಿ ಕೇಳಿಸಲಿಲ್ಲ. ಓದು ಬರಹವನ್ನೂ ಅವರೇ ಕಲಿಸಿದರು. ಮಗಳಿಗೆ ಅವರು ಬಿಟ್ಟುಹೋದದ್ದು ಇವೆರಡೇ, ಕೂದಲು ಮತ್ತು ಅಕ್ಷರ. ಮುಂದೆ ಮನೆ ಅಣ್ಣನದಾಯಿತು. ಅತ್ತಿಗೆ ಗಂಗೂಬಾಯಿ ಕೆಟ್ಟವಳೇನಲ್ಲ, ಆದರೆ ಕೆಲಸ ಮಾಡುವವರು ಮನೆಯಲ್ಲಿದ್ದಾಗ ತಾನು ಮಾಡುವಷ್ಟು ಹುಚ್ಚಿಯೂ ಅಲ್ಲ.

ವರ್ಷಕ್ಕೊಮ್ಮೆ ಚೈತ್ರಗೌರಿ ಕೂಡಿಸುವಾಗ ಯಮುನಾಬಾಯಿಗೆ ಅಡುಗೆಮನೆಯಿಂದ ಪಡಸಾಲೆಗೆ ಬಡ್ತಿ ಸಿಗುತ್ತಿತ್ತು. ಮಣೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ, ಬಿಳಿ ಪಂಚೆ ಹಾಸಿ, ಮನೆಯಲ್ಲಿದ್ದ ಆಟಿಕೆಗಳನ್ನೆಲ್ಲ ಪೆಟ್ಟಿಗೆಯಿಂದ ತೆಗೆದು ಗೌರಿಯ ಮುಂದೆ ಇಡುವುದು ಅವಳ ಕೆಲಸ. ಕಟ್ಟಿಗೆಯ ರಾಜ ರಾಣಿ, ಬಣ್ಣದ ಗಿಳಿ, ಪುಟ್ಟ ಬೀಸುಕಲ್ಲು, ಗಾಜಿನ ಆನೆ. ಅವಳಷ್ಟು ಚೆಂದ ಆ ಓಣಿಯಲ್ಲಿ ಯಾರೂ ಜೋಡಿಸುತ್ತಿರಲಿಲ್ಲ. ಜೋಡಿಸಿ ಮುಗಿಸಿ, ಅರಿಷಿಣ ಕುಂಕುಮಕ್ಕೆ ಮುತ್ತೈದೆಯರು ಬರುವ ಹೊತ್ತಿಗೆ ಅವಳು ಒಳಗೆ ಹೋಗಿಬಿಡಬೇಕು. ಕೋಸಂಬರಿ ಕಲೆಸುತ್ತ, ಪಾನಕ ಸೋಸುತ್ತ, ಹೊರಗೆ ನಗು ಮಾತು ಕೇಳುತ್ತ ಕೂರುತ್ತಿದ್ದಳು. ಎಲ್ಲರೂ ಹೋದ ಮೇಲೆ ಮತ್ತೆ ಬಂದು ಒಂದೊಂದನ್ನೇ ಒರೆಸಿ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುವುದೂ ಅವಳೇ. ಆಟಿಕೆ ಎಂದರೆ ಒರೆಸಿ, ತೋರಿಸಿ, ಮುಚ್ಚಿಡುವ ವಸ್ತು ಎಂದು ಅವಳ ಕೈಗೆ ಹೀಗೆ ರೂಢಿಯಾಗಿತ್ತು. ತರಬೇತಿಯ ಮಾತುಗಳು ಬಾಯಿಗೆ ಬಂದವು, ಕೈಗೆ ಇಳಿಯಲಿಲ್ಲ.

ಸ್ವರಾಜ್ಯ ಬಂದ ಮೇಲೆ ಊರೂರಿಗೆ ಬಾಲವಾಡಿ ತೆರೆಯುತ್ತಾರೆ, ಓದು ಬರುವ ಹೆಂಗಸರು ಬೇಕಂತೆ ಎಂಬ ಸುದ್ದಿಯನ್ನು ರಘೋತ್ತಮನೇ ತಂದಿದ್ದ. ಸುಮ್ಮನೆ ಸುದ್ದಿಯಾಗಿ ತಂದಿದ್ದ, ತಂಗಿ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲ. "ಹಂಗಾರ ಅಡಗಿ ಯಾರು ಮಾಡೋರು?" ಎಂದು ಗಂಗೂಬಾಯಿ ಕೇಳಿದಳು. ಯಮುನಾಬಾಯಿ ಧಾರವಾಡಕ್ಕೆ ಹೋಗಿ, ಅಲ್ಲಿಂದ ನೇಸರಗಿಗೆ ಬಂದು, ಒಂದು ಕೋಣೆ ಹಿಡಿದು, ತನ್ನೊಬ್ಬಳಿಗೆ ಸಾಕಾಗುವಷ್ಟು ಚಿಕ್ಕ ಒಲೆ ಹೂಡಿದಳು. ಆ ಒಲೆಯ ಮೇಲೆ ಮೊದಲ ಸಲ ಅನ್ನ ಉಕ್ಕಿದಾಗ ಅವಳು ಅತ್ತುಬಿಟ್ಟಳು. ಸಂತೋಷಕ್ಕೋ ದಣಿವಿಗೋ ಅವಳಿಗೇ ತಿಳಿಯಲಿಲ್ಲ.

ಟ್ರಂಕು ಬಂದದ್ದು ಅದಾದ ಮೇಲೆ. ಕಚೇರಿಯ ಕಾರಕೂನ ಅದನ್ನು ಬಸ್ಸಿನ ಮೇಲಿಂದ ಇಳಿಸಿ, ಅವಳ ಸಹಿ ಹಾಕಿಸಿಕೊಂಡು, "ಬಾಯಾರ, ಸರಕಾರದ ಮಾಲು. ಮುರದದ್ದು ಹರದದ್ದು ಆದ್ರ ನಿಮ್ಮ ಜವಾಬ್ದಾರಿ ನೋಡ್ರಿ" ಎಂದು ಹೇಳಿ ಅದೇ ಬಸ್ಸಿಗೆ ಹತ್ತಿ ಹೋದ. ಅವನು ಎಲ್ಲ ಊರಲ್ಲೂ ಹೇಳುವ ಮಾತು ಅದು, ಹೇಳಿ ಮರೆತೂ ಬಿಟ್ಟಿದ್ದ. ಯಮುನಾಬಾಯಿ ಮರೆಯಲಿಲ್ಲ. ಒಂದೇ ಒಂದು ದಿನ ಟ್ರಂಕು ತೆರೆದು, ಗಾಲಿಯ ಕೆಂಪು ಕುದುರೆ, ಬಣ್ಣದ ಇಟ್ಟಿಗೆಗಳು, ಕೋಲಿಗೆ ಪೋಣಿಸುವ ಬಳೆಗಳು, ಅರಿವೆಯ ಗೊಂಬೆ ಎಲ್ಲವನ್ನೂ ಮಕ್ಕಳಿಗೆ ದೂರದಿಂದ ತೋರಿಸಿದಳು. ಮಕ್ಕಳು ಕೈ ಚಾಚಿದಷ್ಟೂ ಅವಳು ಹಿಂದೆ ಸರಿದಳು. ದಸರೆಯ ಖಂಡೇಪೂಜೆಯ ದಿನ ಟ್ರಂಕಿನ ಮೇಲೆಯೇ ಒಂದು ಚೆಂಡು ಹೂವಿಟ್ಟು, ಎಲ್ಲರಿಂದ ಕೈ ಮುಗಿಸಿದಳು.

ಉಳಿದ ದಿನಗಳಲ್ಲಿ ಬಾಲವಾಡಿ ಬಹಳ ಶಿಸ್ತಿನಿಂದ ನಡೆಯುತ್ತಿತ್ತು. ಮಕ್ಕಳು ಬಂದು ಸಾಲಾಗಿ ಕೂರುತ್ತಿದ್ದವು, ಕೈ ಕಟ್ಟಿಕೊಂಡು ಹಾಡು ಹೇಳುತ್ತಿದ್ದವು, ಹೆಬ್ಬೆರಳಿನಿಂದ ಎಣಿಸುತ್ತಿದ್ದವು. ಹೊಲಕ್ಕೆ ಹೋಗುವ ತಾಯಂದಿರಿಗೆ ಅಷ್ಟೇ ಸಾಕಾಗಿತ್ತು. ಯಮುನಾಬಾಯಿ ಎಂದೂ ಮಕ್ಕಳಿಗೆ ಹೊಡೆದವಳಲ್ಲ. ಗದರಿದ್ದೂ ಕಡಿಮೆಯೇ. ಆದರೆ ಅವಳ ಮುಖದಲ್ಲಿ ದಣಿವು ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ ಮಕ್ಕಳಿಗೆ ಅದು ಸಿಟ್ಟಿನಂತೆಯೇ ಕಾಣುತ್ತಿತ್ತು. ಮಧ್ಯಾಹ್ನವಾದರೆ ಅವಳು ತನ್ನ ಕೋಣೆಗೆ ಹೋಗಿ, ಸ್ನಾನ ಮಾಡಿ, ಮಡಿ ಉಟ್ಟು, ಅಡುಗೆ ಮಾಡಿ ಉಂಡು, ಬಾತುಕೊಂಡ ಕಾಲನ್ನು ಗೋಡೆಗೆ ಚಾಚಿ ಸ್ವಲ್ಪ ಹೊತ್ತು ಮಲಗಿ ಬರುತ್ತಿದ್ದಳು. ಆ ಹೊತ್ತಿನಲ್ಲಿ ಮಕ್ಕಳಿಗೆ ಪುಡಿ ಹಾಲು ಕಾಯಿಸಿ ಕುಡಿಸಿ ಮಲಗಿಸುವವಳು ಬಾಲವಾಡಿಯ ದಾಯಿ ಮರೆವ್ವ. ಅವಳು ಅದೇ ಊರ ಒಕ್ಕಲು ಮನೆಯ ಹೆಂಗಸು, ಬಾಯಲ್ಲಿ ಸದಾ ಎಲೆ ಅಡಿಕೆ. ಕೆಲವು ತಿಂಗಳಿಂದ ಅವಳು ಸುಣ್ಣವನ್ನು ಡಬ್ಬಿಯಲ್ಲಿಡದೆ ಎಲೆಯಲ್ಲಿ ಕಟ್ಟಿ ಸೆರಗಿಗೆ ಸಿಕ್ಕಿಸಿಕೊಳ್ಳುವುದನ್ನು ಯಮುನಾಬಾಯಿ ನೋಡಿದ್ದಳು. ಯಾಕೆ ಎಂದು ಕೇಳುವಷ್ಟು ತ್ರಾಣ ಅವಳಲ್ಲಿರಲಿಲ್ಲ.

ತಪಾಸಣೆಯ ದಿನ ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಯಮುನಾಬಾಯಿ ರಾತ್ರಿಯೇ ಯೋಚಿಸಿಟ್ಟಿದ್ದಳು. ಬಂದವರ ಕಣ್ಣು ತುಂಬಬೇಕು, ಹಾಗೆ ಆಟಿಕೆಗಳನ್ನು ಜೋಡಿಸಬೇಕು. ಹೇಗೂ ಚೈತ್ರ ಮಾಸ. ಅವಳಿಗೆ ಗೊತ್ತಿದ್ದ ಜೋಡಣೆ ಒಂದೇ. ಮರೆವ್ವನಿಂದ ನಾಲ್ಕು ಮನೆಯ ಮಣೆ ತರಿಸಿ ಮೆಟ್ಟಿಲು ಕಟ್ಟಿದಳು, ಒಗೆದ ಪಂಚೆ ಹಾಸಿದಳು. ಹೂ, ಊದಿನಕಡ್ಡಿ, ಒಂದು ಸಮೆ ದೀಪ ಎಲ್ಲ ಸಿದ್ಧವಾದವು. ಮಕ್ಕಳನ್ನು ಬೇವಿನ ಗಿಡದ ನೆರಳಿಗೆ ಕಳಿಸಿ, ಸೊಂಟದ ಕೀಲಿಕೈ ತೆಗೆದು ಟ್ರಂಕು ತೆರೆದಳು.

ಸೀರೆಯ ಮಡಿಕೆ ಅವಳದಾಗಿರಲಿಲ್ಲ. ಅವಳು ಮೂಲೆಗೆ ಮೂಲೆ ಕೂಡಿಸಿ ಮಡಿಸುವವಳು, ಇಲ್ಲಿ ಯಾರೋ ಉಂಡೆ ಕಟ್ಟಿ ತುರುಕಿದ್ದರು. ಉಂಡೆ ಬಿಚ್ಚಿದಳು. ಕುದುರೆಗೆ ಒಂದು ಕಿವಿ ಇರಲಿಲ್ಲ. ಮೂತಿಯ ಕೆಂಪು ಬಣ್ಣವನ್ನು ಯಾರೋ ಹಲ್ಲಿನಿಂದ ಕೆರೆದು ತಿಂದಿದ್ದರು. ನಾಲ್ಕು ಗಾಲಿಯಲ್ಲಿ ಮೂರು ಕಟ್ಟಿಗೆಯವು. ನಾಲ್ಕನೆಯದರ ಜಾಗದಲ್ಲಿ ಹಿತ್ತಾಳೆಯ ಸುಣ್ಣದ ಡಬ್ಬಿಯ ಮುಚ್ಚಳಕ್ಕೆ ತೂತು ಕೊರೆದು ಸಿಕ್ಕಿಸಿದ್ದರು. ಗೊಂಬೆಯ ತೋಳನ್ನು ಕರಿ ದಾರದಿಂದ ಹೊಲಿದಿದ್ದರು, ಹಣೆಗೆ ಅರಿಷಿಣದ ಪಟ್ಟು ಹಾಕಿದ್ದರು. ಇಟ್ಟಿಗೆಗಳ ಅಂಚು ಸವೆದು ದುಂಡಗಾಗಿತ್ತು.

"ಮರೆವ್ವಾ!" ಎಂದು ಕೂಗಿದಳು.

ಮರೆವ್ವ ಬಂದು ಬಾಗಿಲಲ್ಲಿ ನಿಂತಳು. ತೆರೆದ ಟ್ರಂಕು ನೋಡಿ ಅವಳಿಗೆ ಎಲ್ಲ ತಿಳಿಯಿತು. ಸುಳ್ಳು ಹೇಳುವ ಗೋಜಿಗೆ ಹೋಗಲಿಲ್ಲ.

"ನಾನ ತಗದೇನ್ರಿ ಅಕ್ಕೋರ. ಕೀಲಿ ಮುಟ್ಟಿಲ್ಲರಿ. ಹಿಂದಿನ ಬಿಜಾಗರಿ ಮೊಳಿ ಜಗ್ಗಿದ್ರ ಟ್ರಂಕು ತೆರೀತೈತಿ."

"ಯಾವಾಗಿಂದ ನಡದದ ಇದು?"

"ಹ್ವಾದ ಮಳಿಗಾಲದಾಗಿಂದರಿ. ಆ ಕಾಡವ್ವ ಒಂದಿನ ಅಳಾಕ ಹತ್ತಿದ್ಲು, ಅವರವ್ವ ಕಳೆ ತಗ್ಯಾಕ ಹೋಗಿದ್ಲು. ಹಾಲ ಕೊಟ್ರೂ ಒಲ್ಲೆ ಅಂತು, ಎತ್ತಿಕೊಂಡ್ರೂ ಒಲ್ಲೆ ಅಂತು ಕೂಸು. ಒಂದ ಕುದುರಿ ತಗದು ಕೊಟ್ಟೆ. ನಕ್ಕೋತ ಕುಂತಿತು. ಮರುದಿನ ಎಲ್ಲಾವೂ ಬಂದು ಟ್ರಂಕಿನ ಮುಂದ ನಿಂತು ನನ್ನ ಮಾರಿ ನೋಡಾಕ ಹತ್ತಿದ್ವು. ಹೆಂಗ ಒಲ್ಲೆ ಅನ್ಲಿರಿ? ನೀವು ಮಡಿ ಅಡಗಿಗೆ ಹ್ವಾದ ಕೂಡ್ಲೆ ತಗಿಯೂದು, ನೀವು ಬರೂದ್ರಾಗ ಒಳಗ ಇಡೂದು."

"ನನಗ ಒಂದ ಮಾತು ಹೇಳಲಿಲ್ಲಲ್ಲ ನೀ."

"ಹೇಳಿದ್ರ ಬಿಡ್ತಿದ್ರೇನ್ರಿ ಅಕ್ಕೋರ?"

ಯಮುನಾಬಾಯಿಗೆ ಸಿಟ್ಟು ಬಂದಿತ್ತು. ಆದರೆ ಸಿಟ್ಟನ್ನು ಎತ್ತಿ ಹಿಡಿಯಲಿಕ್ಕೂ ಶಕ್ತಿ ಬೇಕು. ಅವಳು ಕುದುರೆಯನ್ನು ಮಡಿಲಲ್ಲಿ ಇಟ್ಟುಕೊಂಡು ನೆಲಕ್ಕೆ ಕುಸಿದಳು. "ನನ್ನ ಅನ್ನದಾಗ ಮಣ್ಣ ಹಾಕಿದಿ ಮರೆವ್ವಾ. ಇನ್ನ ನಾ ಮತ್ತ ಅಣ್ಣನ ಮನಿಗೇ ಹೋಗಬೇಕು. ಸಾಯೂ ತನಕ ಅದ ಒಲಿ ಮುಂದ ಕೂಡಬೇಕು" ಎಂದಳು. ಮರೆವ್ವನ ಬಾಯಲ್ಲಿದ್ದ ಎಲೆ ಅಡಿಕೆ ನಿಂತುಹೋಯಿತು. ಮಕ್ಕಳು ನಗುತ್ತವೆ ಎನ್ನುವುದನ್ನು ಬಿಟ್ಟು ಅವಳು ಬೇರೆ ಏನನ್ನೂ ಯೋಚಿಸಿರಲಿಲ್ಲ.

ದೂರದಲ್ಲಿ ಜೀಪಿನ ಸದ್ದು ಕೇಳಿತು. ಇನ್ನು ಅಳುತ್ತ ಕೂರಲು ವೇಳೆ ಇರಲಿಲ್ಲ. ಯಮುನಾಬಾಯಿಯ ಕೈ ತಾನಾಗಿಯೇ ಕೆಲಸಕ್ಕೆ ಹತ್ತಿತು. ಕುದುರೆಯನ್ನು ಎಲ್ಲಕ್ಕಿಂತ ಮೇಲಿನ ಮಣೆಯ ಮೇಲೆ, ಕಿವಿಯಿಲ್ಲದ ಬದಿ ಗೋಡೆಗೆ ಬರುವಂತೆ ನಿಲ್ಲಿಸಿದಳು. ಮುಚ್ಚಳದ ಗಾಲಿಗೆ ದಾಸಾಳ ಹೂ ಅಡ್ಡ ಇಟ್ಟಳು. ಗೊಂಬೆಗೆ ಪಂಚೆಯ ತುದಿ ಹೊದಿಸಿದಳು. ಮಕ್ಕಳ ಮೂಗು ಒರೆಸಿ, ಸಾಲಾಗಿ ಕೂಡಿಸಿ, ಕೈ ಕಟ್ಟಿಸಿ, ದೀಪ ಹಚ್ಚಲು ಮರೆವ್ವನಿಗೆ ಹೇಳಿ ತಾನು ಹಿಂದೆ ಸರಿದು ನಿಂತಳು. ದೀಪ ಹಚ್ಚುವ ಹೊತ್ತಿಗೆ ಹಿಂದೆ ಸರಿಯುವುದು ಅವಳಿಗೆ ಯಾರಾದರೂ ಹೇಳಿಕೊಡಬೇಕಾದ ಪಾಠವಾಗಿರಲಿಲ್ಲ.

ತಪಾಸಣೆಗೆ ಬಂದವರ ಹೆಸರು ಲೀಲಾಬಾಯಿ. ದಪ್ಪ ಕನ್ನಡಕ, ಮೊಣಕಾಲಿನ ತನಕ ಧೂಳು ತಿಂದ ಖಾದಿ ಸೀರೆ. ಕಿತ್ತೂರು, ಎಂ.ಕೆ. ಹುಬ್ಬಳ್ಳಿ ಮುಗಿಸಿಕೊಂಡು ಬಂದಿದ್ದರು. ಜೀಪಿನ ಕುಲುಕಾಟಕ್ಕೆ ಅವರ ನಡು ಹಿಡಿದುಹೋಗಿತ್ತು. ಒಳಗೆ ಬಂದವರೇ ಮೆಟ್ಟಿಲು ಮಣೆ, ಹೂ, ಊದಿನಕಡ್ಡಿ, ದೀಪ ಎಲ್ಲವನ್ನೂ ನೋಡಿ ನಿಂತರು. ಮಕ್ಕಳೂ ನೋಡುತ್ತಿದ್ದವು. ದಿನವೂ ತಾವು ನೆಲದ ಮೇಲೆ ಎಳೆದಾಡುವ ಕುದುರೆ ಇವತ್ತು ದೇವರಾಗಿ ಮೇಲೆ ಕೂತಿರುವುದು ಅವುಗಳಿಗೆ ದೊಡ್ಡ ಸೋಜಿಗವಾಗಿತ್ತು. ಶಟ್ಟೆಪ್ಪನೆಂಬ ಹುಡುಗ, ಯಾತಕ್ಕೂ ಇರಲಿ ಎಂದು, ಎರಡೂ ಗಲ್ಲ ಬಡಿದುಕೊಂಡು ಕೈ ಮುಗಿದ. ಅವನನ್ನು ನೋಡಿ ಉಳಿದವರೂ ಗಲ್ಲ ಬಡಿದುಕೊಂಡರು.

"ಇದೇನ್ರೀ ಯಮುನಾಬಾಯಿ?" ಎಂದರು ಲೀಲಾಬಾಯಿ. "ಬಾಲವಾಡಿ ನಡಸೀರೋ, ಗೌರಿ ಕೂಡಿಸೀರೋ?"

ಯಮುನಾಬಾಯಿಯ ಬಾಯಿಗೆ ಬಂದದ್ದು ಮಂತ್ರವೊಂದೇ. ಆಟಿಕೆಗಳಿಂದ ಮಕ್ಕಳು ಹಂಚಿಕೊಳ್ಳುವುದನ್ನು ಕಲಿಯುತ್ತಾರೆ, ಸರದಿ ಕಾಯುವುದನ್ನು ಕಲಿಯುತ್ತಾರೆ ಎಂದು ಶುರು ಮಾಡಿ, ಎಲ್ಲಿಯೂ ತಡವರಿಸದೆ ಕೊನೆಯ ತನಕ ಒಪ್ಪಿಸಿದಳು. ಲೀಲಾಬಾಯಿ ಕಣ್ಣು ಮುಚ್ಚಿ ಕೇಳಿದರು. ಈ ಮಾತುಗಳನ್ನು ಅವರು ಊರೂರಲ್ಲಿ ಕೇಳಿದ್ದರು. ಊರೂರಲ್ಲೂ ಟ್ರಂಕಿನೊಳಗೆ ಹೊಳೆಯುವ ಹೊಸ ಆಟಿಕೆಗಳನ್ನು ನೋಡಿದ್ದರು. ಅವರಿಗೂ ಸಾಕಾಗಿತ್ತು. ನಿಟ್ಟುಸಿರು ಬಿಟ್ಟು, ಕೈ ಚಾಚಿ ಮೇಲಿನ ಮಣೆಯಿಂದ ಕುದುರೆಯನ್ನು ಎತ್ತಿಕೊಂಡರು.

ದಾಸಾಳ ಹೂ ಉದುರಿತು. ಅದರ ಹಿಂದೆಯೇ ಸುಣ್ಣದ ಡಬ್ಬಿಯ ಮುಚ್ಚಳ ಟಣ್ಣೆಂದು ನೆಲಕ್ಕೆ ಬಿದ್ದು, ಉರುಳುತ್ತ ಉರುಳುತ್ತ ಮಕ್ಕಳ ಸಾಲಿನ ಕಡೆಗೆ ಹೋಯಿತು. ಯಮುನಾಬಾಯಿ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣೊಳಗೆ ಅಣ್ಣನ ಮನೆಯ ಹೊಗೆ ಹಿಡಿದ ಗೋಡೆ ಕಂಡಿತು.

ಕಾಡವ್ವನಿಗೆ ನಾಲ್ಕು ವರ್ಷವಿದ್ದೀತು. ಗಾಲಿ ತನ್ನ ಕಾಲಿನ ಹತ್ತಿರ ಬಂದು ಬಿದ್ದಾಗ ಅವಳು ಯಾರನ್ನೂ ಕೇಳಲಿಲ್ಲ. ಕಟ್ಟಿದ್ದ ಕೈ ಬಿಚ್ಚಿ, ಗಾಲಿ ಹೆಕ್ಕಿ, ಎದ್ದು ಬಂದು ಲೀಲಾಬಾಯಿಯವರ ಕೈಯಿಂದ ಕುದುರೆಯನ್ನು ಇಸಿದುಕೊಂಡಳು. ಗಾಲಿಯ ತೂತಿಗೆ ತುಸು ಉಗುಳು ಹಚ್ಚಿ, ಮೊಳೆಗೆ ಸಿಕ್ಕಿಸಿ, ಅಂಗೈಯಿಂದ ಒಂದು ಏಟು ಕೊಟ್ಟು ಕುದುರೆಯನ್ನು ನೆಲದ ಮೇಲೆ ನಿಲ್ಲಿಸಿದಳು. ದಿನವೂ ಮಾಡುವ ಕೆಲಸದ ಹಾಗೆ ಮಾಡಿದಳು. ಹಗ್ಗ ಹಿಡಿದು ಇನ್ನೇನು ಎಳೆಯಬೇಕು, ಅಷ್ಟರಲ್ಲಿ ಅವಳ ಕಣ್ಣು ಯಮುನಾಬಾಯಿಯ ಮೇಲೆ ಬಿತ್ತು. ಹಗ್ಗ ಕೈಯಿಂದ ಜಾರಿತು. ಹುಡುಗಿ ಓಡಿ ಹೋಗಿ ತನ್ನ ಜಾಗದಲ್ಲಿ ಕೂತು ಮೊದಲಿಗಿಂತ ಬಿಗಿಯಾಗಿ ಕೈ ಕಟ್ಟಿಕೊಂಡಳು.

ಲೀಲಾಬಾಯಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕುದುರೆಯ ಇಲ್ಲದ ಕಿವಿಯನ್ನು ನೋಡಿದರು, ಗೊಂಬೆಯ ಹೊದಿಕೆ ಸರಿಸಿ ಹಣೆಯ ಪಟ್ಟು ನೋಡಿದರು, ಇಟ್ಟಿಗೆಯ ಸವೆದ ಅಂಚಿನ ಮೇಲೆ ಬೆರಳಾಡಿಸಿದರು. ಅವರ ಮುಖದಲ್ಲಿ ನಗು ಬಂತು.

"ಆಡ್ಯಾವ ಇವು!" ಎಂದರು. "ಯಮುನಾಬಾಯಿ, ನಾ ಬಂದ ಹಾದಿ ಪೂರಾ ಟ್ರಂಕು ನೋಡಿಕೋತ ಬಂದೀನಿ. ಒಂದ ಬಣ್ಣ ಹೋಗಿಲ್ಲ, ಒಂದ ಗಾಲಿ ಹೋಗಿಲ್ಲ. ನಿಮ್ಮಲ್ಲೇ ನೋಡ್ರಿ ಕಿವಿ ಮುರದ ಕುದುರಿ ಸಿಕ್ತು. ಭೇಷ್. ಹೆಂಗ ಆಡಸ್ತೀರಿ, ತೋರಸ್ರಿ ನನಗ."

ಯಮುನಾಬಾಯಿಗೆ ಹಾಳಾಗಿದ್ದೇ ಪುಣ್ಯವಾಗಿತ್ತು. ಸುಮ್ಮನೆ ತಲೆ ಅಲ್ಲಾಡಿಸಿದ್ದರೆ ಸಾಕಿತ್ತು. "ಅಕ್ಕೋರ ಕಲಿಸ್ಯಾರ್ರಿ ಎಲ್ಲಾ" ಎಂದು ಬಾಗಿಲಿನಿಂದ ಮರೆವ್ವ ಹೇಳಿಯೂ ಬಿಟ್ಟಳು. ಯಮುನಾಬಾಯಿ ಇಲ್ಲ ಎನ್ನಲಿಲ್ಲ, ಹೌದು ಎನ್ನಲೂ ಬಾಯಿ ಬರಲಿಲ್ಲ.

"ಆಡ್ರಿ ಮಕ್ಕಳ್ರ್ಯಾ, ದಿನಾ ಹೆಂಗ ಆಡ್ತೀರಿ ಹಂಗ ಆಡ್ರಿ" ಎಂದರು ಲೀಲಾಬಾಯಿ. ಒಂದು ಮಗುವೂ ಏಳಲಿಲ್ಲ. ಎಲ್ಲವೂ ಯಮುನಾಬಾಯಿಯ ಮುಖವನ್ನೇ ನೋಡುತ್ತಿದ್ದವು. ಲೀಲಾಬಾಯಿ ಕಾಡವ್ವನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, "ಯಾಕವ್ವಾ, ಕುದುರಿ ಒಲ್ಲೇನು?" ಎಂದು ಕೇಳಿದರು.

"ಬೇಕ್ರಿ" ಎಂದಳು ಕಾಡವ್ವ.

"ಮತ್ತ ಆಡಲ್ಲಾ?"

ಕಾಡವ್ವ ಅವರ ಕಿವಿಯ ಹತ್ತಿರ ಬಾಗಿ ಗುಟ್ಟು ಹೇಳಿದಳು. ನಾಲ್ಕು ವರ್ಷದವರ ಗುಟ್ಟು ಎಷ್ಟು ಮೆಲ್ಲಗಿರುತ್ತದೋ ಅಷ್ಟೇ ಮೆಲ್ಲಗಿತ್ತು, ಬೇವಿನ ಗಿಡದ ತನಕ ಕೇಳಿಸಿತು. "ಅಕ್ಕೋರು ಇನ್ನಾ ಇಲ್ಲೇ ಅದಾರ್ರಿ. ಅವರು ಹ್ವಾದ ಮ್ಯಾಲ ಆಡೂದು."

ಊದಿನಕಡ್ಡಿಯ ಬೂದಿ ಮುರಿದು ಪಂಚೆಯ ಮೇಲೆ ಬಿತ್ತು. ಯಮುನಾಬಾಯಿಗೆ ನೌಕರಿಯ ಚಿಂತೆ ಆ ಕ್ಷಣಕ್ಕೆ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಅವಳಿಗೆ ನಾಟಿದ್ದು ಇನ್ನೊಂದು ಮಾತು. ತಾನು ಕಾಲು ಚಾಚಿ ಮಲಗಿದ ಹೊತ್ತಿನಲ್ಲಿ, ನಾಲ್ಕು ಮನೆ ಆಚೆ, ಇಷ್ಟು ಮಕ್ಕಳು ನಗುತ್ತಿದ್ದವು. ತಾನು ಎದ್ದು ಬರುವ ಸಪ್ಪಳ ಕೇಳಿ ನಗು ನಿಲ್ಲಿಸುತ್ತಿದ್ದವು. ನಗುವವರ ನಡುವಿನಿಂದ ಎದ್ದು ಹೋಗುವುದೇನೆಂದು ಜನ್ಮವಿಡೀ ಬಲ್ಲವಳು ಅವಳು. ಆದರೆ ತಾನು ಎದ್ದು ಹೋಗಲಿ ಎಂದು ಮಕ್ಕಳು ಕಾಯುತ್ತಿದ್ದವು ಎಂಬುದು ಅವಳಿಗೆ ಈಗಲೇ ತಿಳಿದದ್ದು. ದುಃಖವಾಯಿತು. ಯಾವ ತಪಾಸಣೆಯಲ್ಲಿ ನಪಾಸಾದರೂ ಇಷ್ಟು ದುಃಖವಾಗುತ್ತಿರಲಿಲ್ಲ.

"ಖರೇ ಅದ್ರಿ" ಎಂದಳು ಕೊನೆಗೆ. "ನಾ ಏನೂ ಕಲಿಸಿಲ್ಲ. ನಾ ಕೀಲಿ ಹಾಕಿಟ್ಟಿದ್ದೆ. ಮರೆವ್ವ ಹಿಂದಿನಿಂದ ತಗದು ಕೊಟ್ಟಾಳ. ನಿಮಗ ಹೆಂಗ ತಿಳೀತದೋ ಹಂಗ ಬರೀರಿ."

ಲೀಲಾಬಾಯಿ ಮೊಣಕಾಲಿಗೆ ಕೈ ಊರಿ ಮೆಲ್ಲಗೆ ಎದ್ದರು. "ಆಟಿಕಿ ಬಳಕಿ ಒಳಗ ಅವ ಅಂತ ಬರೀತೀನಿ, ಅದು ಸುಳ್ಳಲ್ಲ" ಎಂದರು ಆಮೇಲೆ. "ಕಾಯಂ ಮಾಡ್ರಿ ಅಂತ ಈಗ ಬರಿಯೂದಿಲ್ಲ. ಆಷಾಢದಾಗ ಮತ್ತ ಬರ್ತೀನಿ. ನೀವು ಒಳಗ ಇದ್ದಾಗ ಈ ಹುಡುಗರು ಆಡೂದು ನನ್ನ ಕಣ್ಣಲೆ ನೋಡಬೇಕು, ಅಷ್ಟ." ಹೋಗುವಾಗ ದೀಪವನ್ನು ತಾವೇ ಶಾಂತ ಮಾಡಿದರು. ಜೀಪು ಧೂಳೆಬ್ಬಿಸಿಕೊಂಡು ಬೆಳಗಾವಿಯ ಹಾದಿ ಹಿಡಿಯಿತು.

ಆಷಾಢ ದೂರವಿರಲಿಲ್ಲ. ನಗಲು ಬಾರದ ಮುಖವನ್ನು ಅಷ್ಟರೊಳಗೆ ಎಲ್ಲಿಂದ ತರುವುದು? ಯಮುನಾಬಾಯಿ ಸೊಂಟದ ಕೀಲಿಕೈ ಬಿಚ್ಚಿ ಮರೆವ್ವನ ಕೈಗೆ ಕೊಟ್ಟಳು. ಮೆಟ್ಟಿಲು ಮಣೆಯ ಮೇಲಿನ ಆಟಿಕೆಗಳನ್ನು ಒಂದೊಂದಾಗಿ ತೆಗೆದು ನೆಲದ ಮೇಲೆ ಇಟ್ಟಳು. ಮಕ್ಕಳ ಕಡೆ ನೋಡಿ, "ಆಡ್ರಿ" ಎಂದಳು. ಅದು ಅಪ್ಪಣೆಯಂತೆಯೇ ಕೇಳಿಸಿತು. ಮಕ್ಕಳು ಕದಲಲಿಲ್ಲ.

"ನಾ ಹೊರಗ ಕೂಡ್ತೀನಿ" ಎಂದಳು ಮರೆವ್ವನಿಗೆ. "ನಾ ಇದ್ರ ಅವು ಆಡೂದಿಲ್ಲ."

ಹೊರಗೆ ಬಂದು, ಬಾಗಿಲಿಗೆ ಬೆನ್ನು ಹಾಕಿ ಕಟ್ಟೆಯ ಮೇಲೆ ಕೂತಳು. ಬಿಸಿಲು ನೆತ್ತಿಗೆ ಬರುತ್ತಿತ್ತು. ಮಡಿ ಅಡುಗೆಯ ಹೊತ್ತಾಗಿತ್ತು, ಅವಳಿಗೆ ಏಳಬೇಕೆನಿಸಲಿಲ್ಲ. ಮೊದಲು ಒಳಗೆ ಪಿಸುಪಿಸು ಕೇಳಿತು. ಆಮೇಲೆ ಇಟ್ಟಿಗೆ ಬಿದ್ದ ಸದ್ದು. ಯಾರೋ ಕಿಸಕ್ಕೆಂದರು. ಸ್ವಲ್ಪ ಹೊತ್ತಿಗೆ ಗಾಲಿಗಳ ಗಡಗಡ, ಬೈಲಹೊಂಗಲದ ಪ್ಯಾಟಿಗೆ ಹತ್ತಿ ಹೇರಿಕೊಂಡು ಹೋಗುವ ಗದ್ದಲ, ಗೊಂಬೆಗೆ ಜ್ವರ ಬಂದ ಸುದ್ದಿ. "ಒಂದ ಸುತ್ತ ಆತಲ್ಲ, ಇನ್ನ ಅವನ ಪಾಳಿ, ಕೊಡು" ಎಂದು ಕಾಡವ್ವ ಜಬರದಸ್ತಾಗಿ ಹೇಳುವುದು ಕೇಳಿತು. ಶಟ್ಟೆಪ್ಪ ಗೊಣಗಿದ, ಆದರೆ ಕೊಟ್ಟ. ಮಂತ್ರದ ಮಾತುಗಳೆಲ್ಲ ಗೋಡೆಯಾಚೆ ಒಂದೊಂದಾಗಿ ನಡೆಯುತ್ತಿದ್ದವು. ಗಂಗೂಬಾಯಿಯ ಪಡಸಾಲೆಯ ನಗುವನ್ನು ಅಡುಗೆಮನೆಯಿಂದ ಕೇಳುತ್ತಿದ್ದ ಹಾಗೆಯೇ ಅವಳು ಕೇಳುತ್ತ ಕೂತಳು. ಜೋಡಿಸಿ ಕೊಟ್ಟು ಹೊರಗೆ ಕೂರುವುದೇ ತನ್ನ ಹಣೆಬರಹ ಎಂದುಕೊಂಡಳು. ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ.

ಸೆರಗನ್ನು ಯಾರೋ ಜಗ್ಗಿದರು. ತಿರುಗಿ ನೋಡಿದರೆ ಕಾಡವ್ವ, ಕೈಯಲ್ಲಿ ಕುದುರೆಯ ಹಗ್ಗ.

"ಅಕ್ಕೋರ, ನಿಮ್ಮ ಪಾಳಿ ಬಂತ್ರಿ."

"ನಂದಾ?"

"ಎಲ್ಲಾರ್ದೂ ಆತ್ರಿ. ಮರೆವ್ವಾಯಿದೂ ಆತು. ನಿಮ್ದೊಂದ ಉಳದೈತ್ರಿ."

ಆ ಹುಡುಗಿಗೆ ಕರುಣೆಯೇನೂ ಇರಲಿಲ್ಲ. ಲೆಕ್ಕ ತಪ್ಪಬಾರದು, ಅಷ್ಟೇ. ಯಮುನಾಬಾಯಿ ಎದ್ದಳು. ಬಾತ ಕಾಲು ಜುಮುಗುಟ್ಟುತ್ತಿತ್ತು. ಹಗ್ಗ ಹಿಡಿದು ಒಳಗೆ ಬಂದಾಗ ಮಕ್ಕಳು ಗಪ್ಪಾದವು. ಅವಳು ಒಂದು ಹೆಜ್ಜೆ ಇಟ್ಟಳು, ಕುದುರೆ ಹಿಂದೆ ಬಂತು. ಇನ್ನೊಂದು ಹೆಜ್ಜೆ ಇಟ್ಟಳು. ಟಣ್ಣೆಂದು ಗಾಲಿ ಕಳಚಿ ಬಿತ್ತು.

ಅವಳು ಮರಗಟ್ಟಿ ನಿಂತುಬಿಟ್ಟಳು. ಎಷ್ಟೋ ಚೈತ್ರಗಳ ಹೆದರಿಕೆ ಒಟ್ಟಿಗೇ ಎದೆಗೆ ಬಂತು.

"ಅದು ಹಂಗ ಬೀಳತೈತ್ರಿ" ಎಂದಳು ಕಾಡವ್ವ, ಇಷ್ಟೂ ತಿಳಿಯದೇ ಎನ್ನುವ ಧ್ವನಿಯಲ್ಲಿ. "ಉಗುಳು ಹಚ್ಚಿ ಹಾಕ್ಕೋಬೇಕ್ರಿ."

ಮಡಿಯ ಹೆಂಗಸು ಯಮುನಾಬಾಯಿ ಗಾಲಿ ಹೆಕ್ಕಿದಳು, ತೂತಿಗೆ ಉಗುಳು ಹಚ್ಚಿದಳು, ಮೊಳೆಗೆ ಸಿಕ್ಕಿಸಿ ಅಂಗೈಯಿಂದ ಏಟು ಕೊಟ್ಟಳು. ಶಟ್ಟೆಪ್ಪ ಬಾಯಿ ಮುಚ್ಚಿಕೊಂಡು ನಕ್ಕ. ಅವನ ಹಿಂದೆ ಎಲ್ಲರೂ ನಕ್ಕರು. ಅವಳು ಅಲ್ಲಿದ್ದರೂ ನಕ್ಕರು. ಕುದುರೆ ಕುಂಟುತ್ತ, ಗಡಗಡಿಸುತ್ತ ಅವಳ ಬೆನ್ನ ಹಿಂದೆ ಕೋಣೆಯನ್ನು ಒಂದು ಸುತ್ತು ಹಾಕಿ ಬಾಗಿಲಿಗೆ ಬಂದು ನಿಂತಿತು.

"ಸಾಕ್ರಿ ಅಕ್ಕೋರ. ಮುಗೀತು ನಿಮ್ಮ ಪಾಳಿ. ಕೊಡ್ರಿ ಇತ್ತ."

ಕಾಡವ್ವ ಕೈ ಚಾಚಿ ನಿಂತಿದ್ದಳು. ಯಮುನಾಬಾಯಿ ಹಗ್ಗವನ್ನು ನೋಡಿದಳು, ತನ್ನ ಕೈಯನ್ನು ನೋಡಿದಳು. ಕೈ ಬಿಗಿಯಾಗಿ ಮುಚ್ಚಿಕೊಂಡಿತ್ತು. ಎಷ್ಟು ಆಟಿಕೆಗಳನ್ನು ಒರೆಸಿ ಇಟ್ಟ ಕೈ ಅದು, ಒಂದನ್ನೂ ಹೀಗೆ ಎಳೆದದ್ದಿಲ್ಲ. ಅವಳಿಗೆ ಕೊಡಲು ಮನಸ್ಸಾಗಲಿಲ್ಲ.

"ಇನ್ನೊಂದ ಸುತ್ತ?" ಎಂದು ಕೇಳಿದಳು. ಅವಳ ಧ್ವನಿ ಅವಳಿಗೇ ಚಿಕ್ಕದಾಗಿ ಕೇಳಿಸಿತು.

"ಇಲ್ಲರಿ. ಪಾಳಿ ಅಂದ್ರ ಪಾಳಿ."

ಯಮುನಾಬಾಯಿ ಹಗ್ಗ ಕೊಟ್ಟಳು. ಕೊಟ್ಟು, ಮಕ್ಕಳ ಸಾಲಿನ ಕೊನೆಗೆ ಹೋಗಿ, ಶಟ್ಟೆಪ್ಪನ ಪಕ್ಕದಲ್ಲಿ ನೆಲದ ಮೇಲೆ ಕೂತು ತನ್ನ ಸರದಿಗಾಗಿ ಕಾಯತೊಡಗಿದಳು.